ಗಾಜಿನ ಎಳೆ

ಆ ಭಾನುವಾರದ ಊಟ ನನ್ನ ತಂಗಿಯ ಹೆಸರಿನಲ್ಲಿ ನಡೆದದ್ದು. ಮರುದಿನ ಬೆಳಿಗ್ಗೆಯಿಂದ ಅವಳು ಔಷಧದ ಕಾರ್ಖಾನೆಯಲ್ಲಿ ‘ಕೊನೆಯ ನೋಟ’ಕ್ಕೆ ಕೂರುವವಳಿದ್ದಳು. ಶೀಶೆಗಳು ಪಟ್ಟಿಯ ಮೇಲೆ ಹರಿದುಬರುವ ಹೊಸ ಸಾಲಿನ ತುದಿಯಲ್ಲಿ ಅದಕ್ಕೆಂದೇ ಗಾಜಿನ ಕೋಣೆಯೊಂದನ್ನು ಕಟ್ಟಿದ್ದರು. ಇಂಜೆಕ್ಷನ್ ಶೀಶೆಗಳು ತುಂಬಿ, ಮುಚ್ಚಳ ಬಿಗಿಸಿಕೊಂಡು, ಒಂದೊಂದಾಗಿ ಅವಳೊಬ್ಬಳ ಕಣ್ಣ ಮುಂದೆ ಹಾದುಹೋಗಬೇಕು. ಅವಳು ‘ಹೋಗಲಿ’ ಅಂದರೆ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಯಾರದೋ ಮೈಯೊಳಕ್ಕೆ. ‘ನಿಲ್ಲು’ ಅಂದರೆ ಕೆಂಪು ತಟ್ಟೆಗೆ. ಅವಳಾದ ಮೇಲೆ ನೋಡುವವರು ಯಾರೂ ಇಲ್ಲ.

ನಾನೂ ಅದೇ ಕೆಲಸದಲ್ಲಿ ಕೂದಲು ಹಣ್ಣು ಮಾಡಿಕೊಂಡವಳು. ತಂಗಿಯನ್ನು ಅಲ್ಲಿಗೆ ಸೇರಿಸಿದವಳೂ ನಾನೇ. ದೀಪ ಹಾಕಿದ ಒಂದು ಗೂಡು, ಅದರೊಳಗೆ ಅರ್ಧ ಕಪ್ಪು ಹಲಗೆ, ಅರ್ಧ ಬಿಳಿ ಹಲಗೆ. ಶೀಶೆಯ ಕುತ್ತಿಗೆ ಹಿಡಿದು ಮೆಲ್ಲನೆ ತಲೆಕೆಳಗು ಮಾಡಿ, ಒಂದು ಸುತ್ತು ತಿರುಗಿಸಿ ಮೊದಲು ಕಪ್ಪಿಗೆ ಹಿಡಿಯಬೇಕು. ಗಾಜಿನ ಚೂರೋ ನೂಲಿನ ಎಳೆಯೋ ಇದ್ದರೆ ಅಲ್ಲಿ ಮಿಣುಕುತ್ತದೆ. ಆಮೇಲೆ ಬಿಳಿಗೆ, ಕರಿ ಕಸ ಇದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ಗೂಡಿನ ಮುಂದೆ ಜೋಡಿಯಾಗಿ ಕೂರುವುದು ಹಳೆಯ ಸಾಲಿನ ಪದ್ಧತಿ. ಒಬ್ಬಳು ಹಿಡಿದು ತಿರುಗಿಸುವವಳು, ಇನ್ನೊಬ್ಬಳು ಅವಳ ಭುಜಕ್ಕೆ ಭುಜ ಕೊಟ್ಟು ಅದೇ ಶೀಶೆಯನ್ನು ನೋಡುವವಳು. ಇಬ್ಬರೂ ‘ಹೋಗಲಿ’ ಅಂದರೆ ಮಾತ್ರ ಅದು ಮುಂದಕ್ಕೆ ಹೋಗುತ್ತದೆ.

ಆ ಮಾತು ನಮ್ಮ ನಾಲಿಗೆಗೆ ಹೇಗೆ ಅಂಟಿಕೊಂಡಿತ್ತೆಂದರೆ, ಮನೆಯಲ್ಲಿ ತೊಳೆದ ಲೋಟಕ್ಕೂ ‘ಹೋಗ್ಲಿ’, ಇಸ್ತ್ರಿ ಮಾಡಿದ ಅಂಗಿಗೂ ‘ಹೋಗ್ಲಿ’. ತಂಗಿಯ ಮಗ ತಾನು ಮೆಚ್ಚಿದ ಹುಡುಗಿಯನ್ನು ಮೊದಲ ಸಲ ಮನೆಗೆ ಕರೆತಂದಾಗ, ತಂಗಿ ಅಡಿಯಿಂದ ಮುಡಿಯವರೆಗೆ ನೋಡಿ ‘ಹೋಗ್ಲಿ’ ಅಂದುಬಿಟ್ಟಿದ್ದಳು. ಪಾಪ, ಆ ಹುಡುಗಿಗೆ ಅಳುವುದೊಂದು ಬಾಕಿ. ಇದಕ್ಕಿಂತ ದೊಡ್ಡ ಹೊಗಳಿಕೆ ನಮ್ಮ ಮನೆಯಲ್ಲಿ ಇಲ್ಲವೆಂದು ಅವಳಿಗೆ ತಿಳಿಹೇಳಲು ಒಂದು ಇಡೀ ಸಂಜೆ ಹಿಡಿಯಿತು.

ಆ ಹುಡುಗಿಯೇ ಈಗ ಸೊಸೆ. ಕೂದಲು ಕತ್ತರಿಸುವ ಅಂಗಡಿಯಲ್ಲಿ ಕೆಲಸ. ಒಳ್ಳೆಯ ಕೈ, ಆದರೆ ಕೀಲುಗಳಿಗೆ ರೋಗ ಹತ್ತಿದೆ; ಬೆರಳುಗಳು ಊದಿಕೊಂಡು ಕತ್ತರಿ ಹಿಡಿಯಲಾಗದಂತೆ ಆಗುತ್ತವೆ. ಅದಕ್ಕೆ ಪ್ರತಿ ಭಾನುವಾರ ಮಧ್ಯಾಹ್ನ ತೊಡೆಗೆ ತಾನೇ ಇಂಜೆಕ್ಷನ್ ಚುಚ್ಚಿಕೊಳ್ಳುತ್ತಾಳೆ. ಔಷಧ ನಮ್ಮ ಕಾರ್ಖಾನೆಯದೇ. ಚುಚ್ಚುವ ಮೊದಲು ಶೀಶೆಯನ್ನು ಅತ್ತೆಯ ಕೈಗೆ ಕೊಟ್ಟು, “ಅತ್ತೆ, ನೋಡಿಕೊಡಿ” ಅನ್ನುತ್ತಾಳೆ. ತಂಗಿ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, “ಹೋಗ್ಲಿ” ಅನ್ನುತ್ತಾಳೆ. ಆಮೇಲೆಯೇ ಸೂಜಿ. ಅತ್ತೆಯ ಕಣ್ಣು ದಾಟಿ ಬಂದದ್ದಕ್ಕೆ ಹೆದರುವ ಅಗತ್ಯವಿಲ್ಲ ಎಂಬುದು ಆ ಹುಡುಗಿಯ ನಂಬಿಕೆ.

ಊಟ ಕೊಡಿಸಿದವನು ಕಾರ್ಖಾನೆಯ ಮೇಲ್ವಿಚಾರಕ. ನಾವೆಲ್ಲ ಅವನನ್ನು ಹಿಂದಿನಿಂದ ‘ಗಡಿಯಾರ’ ಎಂದು ಕರೆಯುತ್ತಿದ್ದೆವು. ಸುಮ್ಮನೆ ಸುತ್ತುತ್ತಲೇ ಇರುತ್ತಾನೆ, ನಿಂತನೆಂದರೆ ಏನೋ ಕೆಟ್ಟಿದೆ ಎಂದರ್ಥ. ಜಪಾನೀ ಊಟದ ಹೋಟೆಲೊಂದು ಹೊಸದಾಗಿ ತೆರೆದಿದೆ, ಅಲ್ಲಿಗೇ ಹೋಗೋಣ ಅಂದವನು ಅವನೇ.

ಬಾಗಿಲು ತಳ್ಳಿದಾಗ ಮೊದಲು ಬಂದದ್ದು ವಾಸನೆ: ಕಡಲಿನದು, ಹುಳಿಯದು, ಹುರಿದ ಎಳ್ಳಿನದು. ಹಿಂದೆಯೇ ಸದ್ದು. ಅದನ್ನು ಕೇಳಿ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ರಬ್ಬರು ಉಕ್ಕಿನ ಮೇಲೆ ಜಾರುವ, ಎಲ್ಲೋ ಒಂದು ಉರುಳೆ ಎಣ್ಣೆ ಕೇಳುವ ಸದ್ದು. ನೋಡಿದರೆ ಮೇಜುಗಳ ಪಕ್ಕದಲ್ಲೇ ಕಪ್ಪು ಪಟ್ಟಿಯೊಂದು ಹರಿಯುತ್ತಿದೆ. ಅದರ ಮೇಲೆ ಪುಟ್ಟ ಪುಟ್ಟ ತಟ್ಟೆಗಳು ಸಾಲಾಗಿ ಮೆರವಣಿಗೆ ಹೊರಟಿವೆ. ಅಡುಗೆಮನೆಯ ಗೋಡೆಯಲ್ಲಿ ಒಂದು ಕಿಂಡಿಯಿಂದ ಹೊರಬಂದು, ಎಲ್ಲರನ್ನೂ ಹಾದು, ಇನ್ನೊಂದು ಕಿಂಡಿಯೊಳಗೆ ಮಾಯವಾಗುತ್ತಿವೆ.

“ಇದೇನೋ, ಭಾನುವಾರಾನೂ ಡ್ಯೂಟಿಗೆ ಕರ್ಕೊಂಡು ಬಂದ್ರಾ?” ಎಂದು ತಂಗಿಯ ಮಗನನ್ನು ಕೇಳಿದೆ.

ಅವನು ಲಿಫ್ಟ್ ರಿಪೇರಿ ಮಾಡುವವನು. ತಟ್ಟೆಗಳನ್ನು ನೋಡುವುದು ಬಿಟ್ಟು, ಬಗ್ಗಿ ಪಟ್ಟಿಯ ಅಡಿಗೆ ಇಣುಕಿದ. “ಚೈನು ಸಡಿಲ ಆಗಿದೆ ದೊಡ್ಡಮ್ಮ. ಇವತ್ತೋ ನಾಳೆಯೋ ಕೈ ಕೊಡುತ್ತೆ.”

“ಮೊದಲು ಊಟ ಮಾಡ್ರೀ, ಆಮೇಲೆ ಅದರ ನಾಡಿ ಹಿಡೀರಿ,” ಎಂದು ಸೊಸೆ ಅವನ ಕಾಲರು ಹಿಡಿದು ಎಬ್ಬಿಸಿದಳು.

ಪಟ್ಟಿಯ ಪಕ್ಕಕ್ಕೆ ತಂಗಿ, ಅವಳ ಮಗ್ಗುಲಲ್ಲಿ ಸೊಸೆ. ಎದುರಿಗೆ ನಾನು ಮತ್ತು ಅವಳ ಮಗ. ಮೇಜಿನ ತುದಿಗೆ ಸ್ಟೂಲು ಎಳೆದುಕೊಂಡು ಗಡಿಯಾರ. ತಂಗಿ ಹೊಸ ಬಟ್ಟೆ ಉಟ್ಟಿದ್ದಳು. ಬರುವಾಗ ದಾರಿಯುದ್ದಕ್ಕೂ ನನ್ನ ತೋಳು ಹಿಡಿದೇ ನಡೆದಿದ್ದಳು. ಪ್ರೀತಿ ಉಕ್ಕಿ ಬಂದಿದೆ ಎಂದುಕೊಂಡಿದ್ದೆ.

“ಜಪಾನಿನದು ಪಟ್ಟಿ ಮೇಲೆ ಬರುತ್ತೆ,” ಅಂದ ಗಡಿಯಾರ, ತಾನೇ ಹೋಟೆಲಿನ ಯಜಮಾನನ ಹಾಗೆ. “ಥಾಯ್, ವಿಯೆಟ್ನಾಂ, ಕೊರಿಯಾ ಎಲ್ಲ ಹೇಳಿ ತರಿಸ್ಕೋಬೇಕು. ಅರ್ಧ ಏಷ್ಯಾ ಒಂದೇ ಮೇಜಿನ ಮೇಲೆ. ನಾಚ್ಕೋಬೇಡಿ ಅಕ್ಕ.”

ನಾಚಿಕೆಯೇನೂ ಇರಲಿಲ್ಲ. ಮೊದಲ ತುತ್ತು ತೆಗೆದುಕೊಂಡವಳು ನಾನೇ. ಬೆರಳುದ್ದದ ಅನ್ನದ ಉಂಡೆ, ಅದರ ಮೇಲೆ ಹಸಿ ಮೀನಿನ ಹೋಳು.

“ಬೇಯಿಸೋದು ಮರೆತಿದ್ದಾರೆ ಕಣೋ.”

“ಮರೆತಿಲ್ಲ ದೊಡ್ಡಮ್ಮ, ಅದು ಇರೋದೇ ಹಾಗೆ.”

ಬಾಯಿಗಿಟ್ಟರೆ ತಣ್ಣಗೆ, ಮೆತ್ತಗೆ, ಬೇರೆ ಯಾರದೋ ನಾಲಿಗೆ ನನ್ನ ನಾಲಿಗೆಯ ಮೇಲೆ ಮಲಗಿದ ಹಾಗೆ. ಉಗಿಯಬೇಕೆನ್ನಿಸಿದ ಘಳಿಗೆಗೇ ಅದು ಕರಗಿ, ಹಿಂದೆ ಒಂದು ಶುಭ್ರವಾದ ಸಿಹಿಯನ್ನು ಬಿಟ್ಟುಹೋಯಿತು. ಇನ್ನೊಂದು ತೆಗೆದುಕೊಂಡೆ. ಕಡಲಪಾಚಿಯ ಕಪ್ಪು ಹಾಳೆ ಸುತ್ತಿದ್ದು ಮೊದಲು ಕಾಗದದಂತೆ ಗರಿಗರಿ, ಆಮೇಲೆ ಒದ್ದೆ ಲಕೋಟೆಯಂತೆ ಹಲ್ಲಿಗೆ ಅಂಟಿತು. ಕೊರಿಯಾದ ಕೋಸು ಕೆಂಪಗೆ ಹುಳಿ ಬಂದು ಬಾಯಲ್ಲಿ ಚುಟುಚುಟು ಅಂದಿತು. ವಿಯೆಟ್ನಾಮಿನದೆಂದು ತಂದಿಟ್ಟ ಸುರುಳಿಗೆ ಅಕ್ಕಿಯ ಹಾಳೆ ಸುತ್ತಿದ್ದರು. ಎಷ್ಟು ತೆಳುವೆಂದರೆ ಒಳಗೆ ಮುದುರಿ ಮಲಗಿದ ಸೀಗಡಿ, ಸೊಪ್ಪಿನ ನರ ಎಲ್ಲ ಕಾಣುತ್ತಿತ್ತು. ಅಭ್ಯಾಸ ಬಲ, ನಾನು ಅದನ್ನೆತ್ತಿ ದೀಪಕ್ಕೆ ಹಿಡಿದು ಒಂದು ಸುತ್ತು ತಿರುಗಿಸಿದೆ.

“ಹೋಗ್ಲಿ ಅನ್ನಿ, ತಿನ್ನೋಣ,” ಎಂದು ಸೊಸೆ ನಕ್ಕಳು. ತಂಗಿಯೂ ನಕ್ಕಳು.

ತಂಗಿ ತಾನಾಗಿ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಸೊಸೆ ಇಟ್ಟದ್ದನ್ನು ತಿನ್ನುತ್ತಿದ್ದಳು, ಚೆನ್ನಾಗಿದೆ ಅನ್ನುತ್ತಿದ್ದಳು. “ಏನೇ, ಮದುವಣಗಿತ್ತಿ ಥರ ಕೂತಿದೀಯ, ನೀನೂ ಒಂದು ತೆಗಿ,” ಎಂದು ನಾನು ಒತ್ತಾಯ ಮಾಡಿದೆ. ಅವಳು ಪಟ್ಟಿಯ ಕಡೆ ಕೈ ಚಾಚಿದಳು. ಒಂದು ತಟ್ಟೆ ಬೆರಳಿಗೆ ತಾಗಿ ಮುಂದೆ ಹೋಯಿತು. ಎರಡನೆಯದನ್ನು ಹಿಡಿದಳು. ಕೆಂಪು ಮೀನಿನ ಉಂಡೆ. ಎತ್ತಿ ಬಾಯಿಗಿಟ್ಟು ಕಚ್ಚಿದಳು. ಟಕ್ ಎಂದಿತು.

ಮಗ ಮೇಜು ಕುಟ್ಟಿ ನಗತೊಡಗಿದ. “ಅಮ್ಮಾ, ಅದು ಪ್ಲಾಸ್ಟಿಕ್ಕು! ತೋರಿಸೋಕಿಟ್ಟಿರೋ ಬೊಂಬೆ!”

ಅಡುಗೆಯವರು ಇಂತಿಂಥದ್ದು ಸಿಗುತ್ತದೆಂದು ತೋರಿಸಲು ನಡುನಡುವೆ ಪ್ಲಾಸ್ಟಿಕ್ಕಿನ ಮಾದರಿಗಳನ್ನೂ ಪಟ್ಟಿಯ ಮೇಲೆ ಬಿಟ್ಟಿದ್ದರು. ನಿಜದಂತೆಯೇ ಮಾಡಿದ್ದರು. ಹೊಸಬರು ಮೋಸಹೋಗುವುದು ಸಹಜ ಎಂದು ಬಡಿಸುವ ಹುಡುಗಿಯೂ ಸಮಾಧಾನ ಹೇಳಿದಳು. ಎಲ್ಲರ ಜೊತೆ ನಾನೂ ನಕ್ಕೆ. ಆದರೆ ಆ ಬೊಂಬೆಯನ್ನು ಮೇಜಿನ ಮೇಲಿಟ್ಟಾಗ ಅದರ ಬೆನ್ನ ಮೇಲೆ ಧೂಳು ಕಂಡಿತು. ಬೂದುಬಣ್ಣದ, ಬೆರಳಲ್ಲಿ ಗೀರಬಹುದಾದಷ್ಟು ಧೂಳು. ಮೂಗಿನ ತುದಿಯಷ್ಟು ಹತ್ತಿರ ತಂದುಕೊಂಡು ಇವಳು ಆ ಧೂಳನ್ನು ನೋಡದೆ ಹೇಗೆ ಬಾಯಿಗಿಟ್ಟಳು?

ಬಡಿಸುವ ಹುಡುಗಿ ಗಾಜಿನ ಬಟ್ಟಲುಗಳಲ್ಲಿ ಬಿಸಿ ಸಾರು ತಂದಿಟ್ಟಳು. ನೀರಿನಷ್ಟೇ ತಿಳಿ, ಹಬೆ ಇಲ್ಲದಿದ್ದರೆ ನೀರೆಂದೇ ಅಂದುಕೊಳ್ಳಬೇಕು. ಸೊಸೆಗೆ ತಮಾಷೆ ಮಾಡಬೇಕೆನ್ನಿಸಿತು. ಮನೆಯಲ್ಲಿ ಶೀಶೆ ಕೊಡುವ ಹಾಗೆಯೇ ತನ್ನ ಬಟ್ಟಲನ್ನು ಎರಡೂ ಕೈಯಲ್ಲಿ ಅತ್ತೆಗೆ ನೀಡಿ, “ಅತ್ತೆ, ನೋಡಿಕೊಡಿ” ಅಂದಳು.

ತಂಗಿ ಬಟ್ಟಲಿನ ಅಂಚು ಹಿಡಿದು ಒಂದು ಸುತ್ತು ತಿರುಗಿಸಿದಳು. ಪಟ್ಟಿಯ ಕಪ್ಪಿಗೆ ಹಿಡಿದಳು. ಕರವಸ್ತ್ರದ ಬಿಳಿಗೆ ಹಿಡಿದಳು. ಕೈಯ ಆ ಚಲನೆ ಎಷ್ಟು ಚೆಂದವಿತ್ತೆಂದರೆ ಗಡಿಯಾರ ಊಟ ನಿಲ್ಲಿಸಿ ನೋಡಿದ.

“ಹೋಗ್ಲಿ,” ಅಂದಳು.

ಎದುರಿಗೆ ಕೂತ ನನಗೆ ಅದು ಆಗ ಕಂಡಿತು. ಸಾರಿನ ನಡುವೆ ನೆಟ್ಟಗೆ ನಿಂತು ಮೆಲ್ಲಗೆ ಸುತ್ತುತ್ತಿದ್ದ ಒಂದು ಎಳೆ. ಬಣ್ಣವಿಲ್ಲ. ಬೆಳಕು ತಾಗಿದಾಗ ಮಾತ್ರ ಅಂಚು ಮಿಂಚುತ್ತದೆ. ಅಷ್ಟು ವರ್ಷ ನಾನು ಯಾವುದನ್ನು ಹುಡುಕುತ್ತ ಕೂತಿದ್ದೆನೋ ಅದೇ: ಗಾಜು. ಸೊಸೆ ಬಟ್ಟಲನ್ನು ತುಟಿಗೆ ಒಯ್ದಿದ್ದಳು. “ನಿಲ್ಲು!” ಎಂದು ಚೀರಿ, ಮೇಜಿನ ಮೇಲೆ ಬಗ್ಗಿ ಅವಳ ಕೈಗೆ ಹೊಡೆದೆ.

ಬಟ್ಟಲು ಉರುಳಿತು. ಸಾರು ಗಡಿಯಾರನ ಮಡಿಲಿಗೆ ಹರಿಯಿತು. ಇಡೀ ಹೋಟೆಲು ತಿರುಗಿ ನೋಡಿತು. ಪಟ್ಟಿಯ ಸದ್ದೊಂದು ಮಾತ್ರ ನಡೆದೇ ಇತ್ತು.

“ಗಾಜು. ಅದರಲ್ಲಿ ಗಾಜಿದೆ,” ಅಂದೆ.

ಬಡಿಸುವ ಹುಡುಗಿ ಓಡಿಬಂದಳು. ಮೇಜಿನ ಕಪ್ಪು ಹಲಗೆಯ ಮೇಲೆ ಬಿದ್ದಿದ್ದ ಎಳೆಯನ್ನು ಉಗುರಿನಿಂದ ಎತ್ತಿದಳು. ಅದು ಬಾಗಿತು. ಜಗ್ಗಿದಳು, ಹಿಗ್ಗಿತು.

“ಅಜ್ಜಿ, ಇದು ಶಾವಿಗೆ. ಕಾಳಿನ ಹಿಟ್ಟಿಂದ ಮಾಡ್ತಾರೆ, ಬೆಂದ್ರೆ ಗಾಜಿನ ಥರಾನೇ ಕಾಣುತ್ತೆ. ಪಕ್ಕದ ಪಾತ್ರೆಯಿಂದ ಒಂದೆಳೆ ಇದಕ್ಕೆ ಜಾರಿದೆ. ತಪ್ಪಾಯ್ತು, ಬೇರೆ ತರ್ತೀನಿ.”

ಆಮೇಲೆ ಎದ್ದ ನಗುವನ್ನು ಹೇಳತೀರದು. ಪಕ್ಕದ ಮೇಜಿನವರೂ ನಕ್ಕರು. “ಶಾವಿಗೆನ ಅರೆಸ್ಟ್ ಮಾಡಿಬಿಟ್ರಲ್ಲ ದೊಡ್ಡಮ್ಮ!” ಅಂದ ಮಗ. ಗಡಿಯಾರ ಪ್ಯಾಂಟು ಒರೆಸಿಕೊಳ್ಳುತ್ತ, “ರಿಟೈರ್ ಆದ್ರೂ ಅಕ್ಕನ ಡ್ಯೂಟಿ ಮುಗಿದಿಲ್ಲ” ಅಂದ. ನಗಲಿ ಬಿಡಿ. ನಾನು ತಂಗಿಯನ್ನು ನೋಡುತ್ತಿದ್ದೆ. ಅವಳೂ ನಗುತ್ತಿದ್ದಳು, ಆದರೆ ಎಲ್ಲರೂ ನಕ್ಕ ಮೇಲೆ. ಹುಡುಗಿ ಆ ಎಳೆಯನ್ನು ಅವಳ ಮುಂದೆಯೇ, ಕಪ್ಪು ಹಲಗೆಯ ಮೇಲೆಯೇ ಬಿಟ್ಟುಹೋಗಿದ್ದಳು. ದೀಪದಡಿ ಅದು ಹೊಳೆಯುತ್ತ ಬಿದ್ದಿತ್ತು. ತಂಗಿ ಅದರ ಆಚೀಚೆ ಅಂಗೈ ಆಡಿಸುತ್ತ, “ಎಲ್ಲಿದೆ, ಎಲ್ಲಿ ಬಿತ್ತು?” ಅನ್ನುತ್ತಿದ್ದಳು.

ಅದು ಗಾಜಲ್ಲ, ಸರಿ. ಆದರೆ ಇವಳು ಅದನ್ನು ಶಾವಿಗೆಯೆಂದು ಗುರುತಿಸಿ ‘ಹೋಗ್ಲಿ’ ಅಂದದ್ದಲ್ಲ. ಇವಳಿಗೆ ಅದು ಕಂಡೇ ಇರಲಿಲ್ಲ.

ಕೈ ತೊಳೆಯುವ ನೆಪದಲ್ಲಿ ಅವಳನ್ನು ಎಬ್ಬಿಸಿಕೊಂಡು ಹೋದೆ. ಪುಟ್ಟ ಕೋಣೆ, ಗೋಡೆ ತುಂಬ ಕನ್ನಡಿ. ಬಾಗಿಲು ಹಾಕಿ ನಲ್ಲಿ ತಿರುಗಿಸಿದೆ.

“ನನ್ನ ಮುಖ ನೋಡು.”

ನೋಡಿದಳು. ಆದರೆ ಅವಳ ನೋಟ ನನ್ನ ಕಿವಿಯ ಹತ್ತಿರ ಹೋಗಿ ನಿಂತಿತು.

“ಯಾವಾಗಿಂದ?”

ಅವಳು ಸುಳ್ಳು ಹೇಳುವ ಗೋಜಿಗೆ ಹೋಗಲಿಲ್ಲ. “ಚಳಿ ಶುರುವಾದಾಗಿಂದ. ಅಂಚಲ್ಲೆಲ್ಲ ಕಾಣುತ್ತೆ ಅಕ್ಕ. ನೆಟ್ಟಗೆ ನೋಡಿದ್ದು ಮಾತ್ರ ಮಾಯ. ನಡುವೆ ಯಾರೋ ಹೆಬ್ಬೆಟ್ಟು ಒತ್ತಿ ಅಳಿಸಿದ ಹಾಗೆ. ಈಗ ನಿನ್ನ ಕಿವಿ ಇದೆ, ಮುಖ ಇಲ್ಲ.”

“ಕಣ್ಣಿನ ಡಾಕ್ಟರು ಬಂದಿದ್ರಲ್ಲ ಕಾರ್ಖಾನೆಗೆ?”

“ನನ್ನ ಮುಂದೆ ನಿಂತವಳು ಓದಿದ್ದನ್ನೇ ನಾನೂ ಓದಿದೆ.”

“ಮತ್ತೆ ದಿನಾ ಶೀಶೆ ನೋಡ್ತೀಯಲ್ಲೇ!”

“ಪಕ್ಕದಲ್ಲಿ ಜೋಡಿ ಹುಡುಗಿ ಕೂತಿರ್ತಾಳಲ್ಲ,” ಅಂದಳು. ದನಿಯಲ್ಲಿ ಒಂದು ತೆರನ ಹೆಮ್ಮೆಯೂ ಇತ್ತು. “ಅವಳಿಗೆ ಏನಾದ್ರೂ ಕಂಡ್ರೆ ಉಸಿರು ಹಿಡಿದುಬಿಡ್ತಾಳೆ. ನಾನು ಹೇಳ್ಲಿ ಅಂತ ಕಾಯ್ತಾಳೆ, ನಾನು ದೊಡ್ಡವಳಲ್ವಾ. ಉಸಿರು ನಿಂತ್ರೆ ನಾನು ‘ನಿಲ್ಲು’ ಅಂತೀನಿ. ಉಸಿರು ಓಡ್ತಿದ್ರೆ ‘ಹೋಗ್ಲಿ’. ತಪ್ಪೇ ಆಗಿಲ್ಲ ಅಕ್ಕ. ಆ ಹುಡುಗಿಗೆ ಕಣ್ಣು ಚೆನ್ನಾಗಿದೆ.”

“ಅವಳು ಆಕಳಿಸಿದ ದಿನ? ಅವಳಿಗೆ ನೆಗಡಿಯಾದ ದಿನ?”

ಅವಳು ತಡವಿ ನಲ್ಲಿಯ ಕೆಳಗೆ ಕೈಯೊಡ್ಡಿದಳು.

“ಮನೇಲಿ? ಸೊಸೆಯ ಶೀಶೆ?”

ನಲ್ಲಿಯ ನೀರನ್ನು ಅವಳು ಬೆರಳಿಂದ ಮುಟ್ಟಿ ಮುಟ್ಟಿ ನೋಡಿದಳು. “ಅದು ಕಾರ್ಖಾನೇಲಿ ನೋಡಿದ್ದೇ ತಾನೇ,” ಅಂದಳು.

“ಯಾರು ನೋಡಿದ್ದು?”

ಅವಳ ಕಣ್ಣು ತುಂಬಿತು. ಕಾಣದ ಕಣ್ಣಿಗೂ ನೀರಿಗೇನು ಬರವಿಲ್ಲ. “ಈಗ ಹೇಳಿದ್ರೆ ಚಳಿಯಿಂದ ಈಚೆಗೆ ನಾನು ಹೋಗ್ಲಿ ಅಂದಿದ್ದನ್ನೆಲ್ಲ ಬಗೆದು ನೋಡ್ತಾರೆ. ಯಾರಿಗೋ ಎಲ್ಲೋ ಏನೋ ಆಗಿದ್ರೆ ನನ್ನ ತಲೆಗೆ ಕಟ್ತಾರೆ. ನಾನು ಬಾಳಿದ್ದೇ ಈ ಕಣ್ಣಿಂದ ಅಕ್ಕ. ಜನ ನನ್ನ ಹೆಸರು ಹೇಳೋದೇ ಈ ಕಣ್ಣಿಗೆ. ಇದೂ ಇಲ್ಲ ಅಂದ್ರೆ ಮನೇಲಿ ಕೂತು ಗೋಡೆ ನೋಡ್ಲಾ? ಅದೂ ಕಾಣಲ್ಲ.”

“ನಾಳೆಯಿಂದ ಆ ಗಾಜಿನ ಕೋಣೇಲಿ ನೀನೊಬ್ಬಳೇ. ಯಾರ ಉಸಿರು ಕೇಳ್ತೀಯ?”

ಅವಳು ನಲ್ಲಿ ನಿಲ್ಲಿಸಿದಳು. ಕೋಣೆಯಲ್ಲಿ ನಮ್ಮಿಬ್ಬರ ಉಸಿರು ಮಾತ್ರ ಉಳಿಯಿತು. ಅವಳು ನನ್ನದನ್ನು ಕೇಳಿಸಿಕೊಳ್ಳುತ್ತಿದ್ದಾಳೆಂದು ನನಗೆ ಆಗ ಹೊಳೆದದ್ದು.

“ಊಟ ಮುಗಿಯೋದ್ರೊಳಗೆ ನೀನೇ ಗಡಿಯಾರನಿಗೆ ಹೇಳು,” ಅಂದೆ. “ಇಲ್ಲಾಂದ್ರೆ ನಾನು ಹೇಳ್ತೀನಿ.”

ನಾವು ಮರಳುವಷ್ಟರಲ್ಲಿ ಮೇಜು ಒರೆಸಿ, ಹೊಸ ಬಟ್ಟಲುಗಳನ್ನಿಟ್ಟಿದ್ದರು. ತೆಂಗಿನ ಹಾಲಿನ ಹಸಿರು ಗೊಜ್ಜಿನಂಥದ್ದು ಒಂದು ಬಂದಿತ್ತು. ಅದು ಥಾಯ್ ಅಂತೆ. ಬಾಯಿಗಿಟ್ಟೆ, ಯಾವ ರುಚಿಯೂ ಹತ್ತಲಿಲ್ಲ. ಗಡಿಯಾರ ಫೋನಿನಲ್ಲಿ ಯಾರಿಗೋ ಗದರುತ್ತಿದ್ದ. “ಭಾನುವಾರ ಆದ್ರೇನು, ಶೀಶೆಗಳ ಲಾರಿ ಸಂಜೆಯೊಳಗೆ ಹೊರಡಲೇಬೇಕು” ಎಂದು ಫೋನು ಕೆಳಗಿಟ್ಟು, ಚಹಾದ ಬಟ್ಟಲು ಎತ್ತಿದ. “ಸರಿ, ನಾಳೆಯ ಕೊನೆಯ ನೋಟಕ್ಕೆ! ಮೆಷಿನ್ ತರಿಸೋಣ ಅಂದ್ರು ಮೇಲಿನವರು. ನಾನು ಹೇಳ್ದೆ, ಈಕೆ ಇರೋವಾಗ ಮೆಷಿನ್ ಯಾಕ್ರೀ ಅಂತ.”

ತಂಗಿಯ ಕಡೆ ನೋಡಿದೆ. ಅವಳು ಬಟ್ಟಲೆತ್ತಿ ಅವನ ದನಿ ಬಂದ ಕಡೆಗೆ ಹಿಡಿದು, “ನಿಮ್ಮ ದಯೆ” ಅಂದಳು.

ಕಾದೆ. ಅವಳು ಕುಡಿದು ಕೆಳಗಿಟ್ಟಳು. ಬಾಯಿ ಒರೆಸಿಕೊಂಡಳು.

“ಅವಳಿಗೆ ಕಣ್ಣು ಕಾಣ್ತಿಲ್ಲ,” ಅಂದೆ ನಾನು. “ನಾಳೆ ಅವಳನ್ನ ಅಲ್ಲಿ ಕೂರಿಸಬೇಡಿ.”

ಮಗನೇ ಮೊದಲು ನಕ್ಕ. “ದೊಡ್ಡಮ್ಮ, ಶಾವಿಗೆನ ಗಾಜು ಅಂದಿದ್ದು ನೀವು. ಕಣ್ಣು ಕಾಣದೇ ಇರೋದು ಅಮ್ಮನಿಗಾ?”

“ಅವಳೇ ಹೇಳಿದ್ಳು ಈಗ, ಕೇಳಿ.”

ಗಡಿಯಾರ ನಗುತ್ತಿರಲಿಲ್ಲ. ಸುತ್ತುವವನು ನಿಂತಿದ್ದ. “ಹೌದೇನ್ರೀ?” ಎಂದು ತಂಗಿಯನ್ನು ಕೇಳಿದ.

ತಂಗಿ ಮೆಲ್ಲಗೆ ಅಂದಳು: “ಅಕ್ಕನಿಗೆ ವಯಸ್ಸಾಯ್ತು. ಬೇಕಿದ್ರೆ ನೋಡಿ ನೀವೇ.”

ಅವನಿಗೂ ಅದೇ ಬೇಕಿತ್ತೇನೋ. ಬಡಿಸುವ ಹುಡುಗಿಯನ್ನು ಕರೆದು ಗಾಜಿನ ಬಟ್ಟಲುಗಳಲ್ಲಿ ನೀರನ್ನೂ ಅಂಥದೇ ಶಾವಿಗೆಯ ಒಂದೆಳೆಯನ್ನೂ ತರಿಸಿದ. ಮೇಜಿನ ಕೆಳಗೆ ಒಂದರೊಳಗೆ ಆ ಶಾವಿಗೆಯ ಎಳೆಯನ್ನು ಹಾಕಿ, ಹಿಂದೆಮುಂದೆ ಮಾಡಿ, ಸಾಲಾಗಿ ತಂಗಿಯ ಮುಂದಿಟ್ಟ. ಸೊಸೆ ಅತ್ತೆಯ ಪಕ್ಕದಲ್ಲಿ ಮುಂಬಾಗಿ ಕೂತಳು, ತಾನೇ ಪರೀಕ್ಷೆ ಬರೆಯುವವಳಂತೆ.

ತಂಗಿ ಮೊದಲನೆಯದನ್ನು ಎತ್ತಿದಳು. ತಿರುಗಿಸಿದಳು, ಕಪ್ಪಿಗೆ ಹಿಡಿದಳು, ಬಿಳಿಗೆ ಹಿಡಿದಳು. “ಹೋಗ್ಲಿ.” ಮುಂದಿನದನ್ನು ಎತ್ತಿದಳು. ಅದೇ ತಿರುವು, ಅದೇ ನಿಧಾನ. “ಹೋಗ್ಲಿ.” ಅದರ ಮುಂದಿನದನ್ನು ಎತ್ತಿ ಕಪ್ಪಿಗೆ ಹಿಡಿದಾಗ, ಸೊಸೆಯ ಎದೆ ಉಬ್ಬಿ ಹಾಗೇ ನಿಂತಿತು. ಅತ್ತೆ ಗೆಲ್ಲಲಿ ಎಂಬ ಆಸೆಗೆ ಉಸಿರು ಕಟ್ಟಿ ಕೂತಿತ್ತು ಆ ಹುಡುಗಿ.

“ನಿಲ್ಲು,” ಅಂದಳು ತಂಗಿ.

ಮಗ ಶಿಳ್ಳೆ ಹೊಡೆದ. ಗಡಿಯಾರ ಚಪ್ಪಾಳೆ ತಟ್ಟಿದ. ನಿಂತವನು ಮತ್ತೆ ಸುತ್ತತೊಡಗಿದ ಹಾಗೆ ಮುಖವೆಲ್ಲ ಚಲಿಸಿತು. “ಸೊಸೆ ಉಸಿರು ಕೇಳಿ ಹೇಳಿದ್ಲು ಅವಳು!” ಎಂದು ನಾನು ಕೂಗಿದ್ದು ಆ ಗದ್ದಲದಲ್ಲಿ ನನಗೇ ಹುಚ್ಚುಮಾತಿನಂತೆ ಕೇಳಿಸಿತು. ಮಗ ನನ್ನ ಕಡೆ ಬಾಗಿ, ಬೇರೆ ಯಾರಿಗೂ ಕೇಳಿಸದಂತೆ, “ಹೊಟ್ಟೆಕಿಚ್ಚಾ ದೊಡ್ಡಮ್ಮ?” ಅಂದ. ಅವನನ್ನು ಎತ್ತಿ ಆಡಿಸಿದವಳು ನಾನು. ಪಟ್ಟಿ ಹರಿಯುತ್ತಿತ್ತು. ತಂಗಿ ಕಚ್ಚಿದ ಪ್ಲಾಸ್ಟಿಕ್ ಮೀನನ್ನು ಯಾರೋ ಮತ್ತೆ ಅದರ ಮೇಲಿಟ್ಟಿದ್ದರು. ಹಲ್ಲಿನ ಗುರುತು ಹೊತ್ತುಕೊಂಡು ಅದು ನನ್ನ ಮುಂದೆ ಹಾದು ಕಿಂಡಿಯೊಳಗೆ ಹೋಯಿತು.

ಮನೆಗೆ ನಡೆಯುವಾಗ ತಂಗಿ ಮತ್ತೆ ನನ್ನ ತೋಳು ಹಿಡಿದಳು. ಬಿಡಿಸಿಕೊಳ್ಳಲು ಮನಸ್ಸಾಗಲಿಲ್ಲ, ಬಿಡಿಸಿಕೊಂಡಿದ್ದರೆ ರಸ್ತೆ ದಾಟುತ್ತಿರಲಿಲ್ಲ ಅವಳು. ಮಗ, ಸೊಸೆ ಮುಂದೆ ಹೋಗುತ್ತಿದ್ದರು.

“ಕೋಪಾನಾ?” ಅಂದಳು.

“ಕೋಪ ಅಲ್ಲ ಕಣೆ. ಹೆದರಿಕೆ.”

“ನಂಗೂ,” ಅಂದಳು.

ಮನೆಯಲ್ಲಿ ಸೊಸೆ ಕೈ ತೊಳೆದು ಇಂಜೆಕ್ಷನ್ನಿಗೆ ಅಣಿಯಾದಳು. ಮಗ ಬೂಟು ಬಿಚ್ಚುತ್ತ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದ. ತಣ್ಣನೆ ಪೆಟ್ಟಿಗೆಯಿಂದ ಶೀಶೆ ಬಂತು. ಅದರ ಹೊದಿಕೆಯ ಮೇಲೆ ನಮ್ಮ ಕಾರ್ಖಾನೆಯ ಹೆಸರು, ಪಕ್ಕದಲ್ಲಿ ನೋಡಿದವರ ಪುಟ್ಟ ಮುದ್ರೆ. ಆ ಮುದ್ರೆ ನನ್ನ ತಂಗಿಯದೇ. ಸೊಸೆ ಅದನ್ನು ಅತ್ತೆಯ ಅಂಗೈಯಲ್ಲಿಟ್ಟು, “ನೋಡಿಕೊಡಿ ಅತ್ತೆ” ಎಂದು ಬೆನ್ನು ತಿರುಗಿಸಿ ಸೂಜಿಯ ಸಾಮಾನು ಜೋಡಿಸಿಕೊಳ್ಳತೊಡಗಿದಳು. ಅವಳ ಊದಿದ ಬೆರಳುಗಳಿಗೆ ಪೊಟ್ಟಣ ಹರಿಯುವುದೇ ಒಂದು ಯುದ್ಧ.

ತಂಗಿ ಶೀಶೆಯನ್ನು ಕಿಟಕಿಯ ಬೆಳಕಿಗೆ ಎತ್ತಿದಳು. ನಾನು ಅವಳ ಮಗ್ಗುಲಲ್ಲೇ, ಭುಜಕ್ಕೆ ಭುಜ ತಾಗುವಂತೆ ನಿಂತಿದ್ದೆ. ಎಷ್ಟೋ ವರ್ಷ ಗೂಡಿನ ಮುಂದೆ ಹಾಗೆಯೇ ಕೂತಿದ್ದೆವು. ಅವಳು ತಿರುಗಿಸಿದಳು. ಅವಳ ತಲೆ ಕೂದಲೆಳೆಯಷ್ಟು ನನ್ನ ಕಡೆ ವಾಲಿತು. ಕಿವಿ ಕೊಟ್ಟಿದ್ದಳು.

ನಾನು ಕಣ್ಣು ಮುಚ್ಚಿಕೊಂಡೆ.

ಒಳಗೆ ಏನಿದೆಯೋ ನನಗೂ ಗೊತ್ತಾಗಬಾರದು. ಗೊತ್ತಾದರೆ ನನ್ನ ಉಸಿರು ಹೇಳಿಬಿಡುತ್ತದೆ. ಮಲಗಿದವಳ ಹಾಗೆ ಒಂದೇ ಸಮನೆ ಉಸಿರಾಡುತ್ತ ನಿಂತೆ. ಹೊರಗೆ ಬೂಟು ನೆಲಕ್ಕೆ ಬಿದ್ದ ಸದ್ದು. ಸೊಸೆ ಪೊಟ್ಟಣ ಹರಿದ ಸದ್ದು. ಶೀಶೆಯೊಳಗೆ ಔಷಧ ತುಳುಕಿದ ಸದ್ದು, ಮತ್ತೆ, ಮತ್ತೊಮ್ಮೆ.

“ಅಕ್ಕಾ?” ಎಂದು ತಂಗಿ ಪಿಸುಗುಟ್ಟಿದಳು.

ನಾನು ಉಸಿರಿನ ಲಯ ಬಿಡಲಿಲ್ಲ.

“ಅಕ್ಕಾ, ಕಣ್ಣು ಮುಚ್ಚಿದೀಯಾ?”

“ಆಯ್ತಾ ಅತ್ತೆ?” ಎಂದಳು ಸೊಸೆ ಆ ಕಡೆಯಿಂದ. ಅವಳು ತೊಡೆಗೆ ಒರೆಸಿಕೊಂಡ ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಂತು. ‘ಹೋಗ್ಲಿ’ ಎಂಬ ಮಾತು ಬರುತ್ತದೆಂದು ಕಾದೆ. ಬಂದಿದ್ದರೆ ನಾನು ಏನು ಮಾಡುತ್ತಿದ್ದೆನೋ, ಈಗಲೂ ತಿಳಿಯದು.

ಬರಲಿಲ್ಲ. ಬದಲಿಗೆ ಗಾಜು ಮೇಜಿಗೆ ತಾಗಿದ ಸದ್ದು.

“ನನಗೆ ಶೀಶೆಯೇ ಕಾಣ್ತಿಲ್ಲ ಕಣಮ್ಮ,” ಅಂದಳು. “ಅಕ್ಕ ಹೇಳಿದ್ದು ನಿಜ. ಹೋಟೆಲಲ್ಲಿ ನಾನು ಕೇಳಿದ್ದು ನಿನ್ನ ಉಸಿರು.”

ಕಣ್ಣು ತೆರೆದೆ. ಸೊಸೆ ತಿರುಗಿ ನಿಂತಿದ್ದಳು, ಕೈಯಲ್ಲಿ ಸೂಜಿ. ಮೊದಲು ಅತ್ತೆಯ ಮುಖ, ಆಮೇಲೆ ಶೀಶೆ, ಆಮೇಲೆ ತನ್ನ ತೊಡೆ ನೋಡಿಕೊಂಡಳು. ಅಲ್ಲಿ ಹೋದ ವಾರದ ಚುಚ್ಚಿನ ಸುತ್ತ ನೀಲಿ ಇನ್ನೂ ಆರಿರಲಿಲ್ಲ. ಸೂಜಿಗೆ ಮುಚ್ಚಳ ಹಾಕಿದಳು.

ಮಗ ಬಾಗಿಲಲ್ಲಿ ನಿಂತಿದ್ದ. ಎಷ್ಟು ಕೇಳಿಸಿಕೊಂಡನೋ, ಅವನ ಮುಖವೇ ಹೇಳುತ್ತಿತ್ತು. “ಗಡಿಯಾರನಿಗೆ ಫೋನ್ ಮಾಡೋ,” ಅಂದಳು ತಂಗಿ. “ನಾನೇ ಮಾತಾಡ್ತೀನಿ. ಲಾರಿ ನಿಲ್ಲಿಸೋಕೆ ಹೇಳ್ತೀನಿ.”

ನಾನು ಶೀಶೆಯನ್ನು ಎತ್ತಿ ನನ್ನ ಕಪ್ಪು ಚೀಲಕ್ಕೆ ಅಡ್ಡಹಿಡಿದು ತಿರುಗಿಸಿದೆ. ಗೋಡೆಯ ಬಿಳಿಗೆ ಹಿಡಿದೆ. ಮತ್ತೆ ಕಪ್ಪಿಗೆ. ಏನೂ ಇರಲಿಲ್ಲ, ಚಳಿಗಾಲದ ನೀರಿನಷ್ಟು ತಿಳಿಯಾಗಿತ್ತು. ಆದರೆ ಹೋಗಲಿ ಅನ್ನಲು ನನಗೆ ನಾಲಿಗೆ ಏಳಲಿಲ್ಲ. ನನ್ನ ಕೈಯಲ್ಲಿದ್ದದ್ದು ಇದೊಂದು. ಇದೇ ಮುದ್ರೆ ಹೊತ್ತವು ಯಾವ ಯಾವ ಮನೆಯ ತಣ್ಣನೆ ಪೆಟ್ಟಿಗೆಯಲ್ಲಿ, ಯಾರ ಯಾರ ಹಾಸಿಗೆಯ ಪಕ್ಕದಲ್ಲಿ ಸರದಿ ಕಾಯುತ್ತಿದ್ದವೋ.

ಮಗ ಫೋನನ್ನು ತಾಯಿಯ ಕಿವಿಗೆ ಹಿಡಿದಿದ್ದ. ಆ ಕಡೆ ಗಂಟೆ ಬಾರಿಸುತ್ತಲೇ ಇತ್ತು, ಕೋಣೆಯಲ್ಲಿದ್ದ ನಮಗೆಲ್ಲ ಕೇಳುತ್ತಿತ್ತು. ಕಿಟಕಿಯಾಚೆ ಬಿಸಿಲು ಇಳಿಯುತ್ತಿತ್ತು. ಯಾರೂ ಎತ್ತಲಿಲ್ಲ. ಗಂಟೆ ನಿಂತಿತು. “ಇನ್ನೊಂದ್ಸಲ ಮಾಡು,” ಅಂದಳು ತಂಗಿ.